ಬುಗುರಿಯ ಶಾಲೆ ಇನ್ನೂ ಶುರುವಾಗಿಲ್ಲ

೧

ಈ ಕಥೆಯನ್ನು ಅಂಗಡಿಯ ಮುಂಬಾಗಿಲಿನಿಂದ ಶುರು ಮಾಡಲೋ, ಹಿಂಬಾಗಿಲಿನಿಂದಲೋ? ಮುಂದಿನಿಂದ ಬಂದರೆ ಕೌಂಟರ್, ಅದರ ಹಿಂದೆ ಹ್ಯಾಂಗರಿನಲ್ಲಿ ತೂಗುವ ಅಂಗಿಗಳು, ಇಸ್ತ್ರಿಯ ಬಿಸಿ ವಾಸನೆ, ಎಲ್ಲವೂ ಒಪ್ಪ ಓರಣ. ಹಿಂದಿನಿಂದ ಬಂದರೆ ಊರವರ ಕೊಳೆಯೆಲ್ಲ ಗಂಟು ಗಂಟಾಗಿ ಕಾಲಿಗೆ ತೊಡರುತ್ತದೆ. ಕಥೆ ಬರೆಯುವವರಿಗೆ ಹಿಂಬಾಗಿಲೇ ಇಷ್ಟ. ಕೊಳೆಗೆ ಓದುಗರು ಜಾಸ್ತಿ. ಅಷ್ಟು ವ್ಯಾಪಾರ ನನಗೂ ಗೊತ್ತು.

ಆದರೆ ಇದು ಹೆಮ್ಮೆಯ ಕಥೆ. ಹಾಗಾಗಿ ಮುಂಬಾಗಿಲಿನಿಂದಲೇ ಬನ್ನಿ. ಕಾಲು ಒರೆಸಿಕೊಂಡು ಬನ್ನಿ. ನೆಲ ಇನ್ನೂ ಒದ್ದೆಯಿದೆ, ಒರೆಸಿದವಳು ನಿಮ್ಮ ಪಾದವನ್ನೇ ನೋಡುತ್ತಿದ್ದಾಳೆ.

ಅವಳೇ ಲಾಂಡ್ರಿಯವಳು. ಬೀದಿಯವರೆಲ್ಲ ಹಾಗೇ ಕರೆಯುತ್ತಾರೆ, ನಾವೂ ಹಾಗೇ ಕರೆಯೋಣ. ಅವಳ ಗಂಡ ಹಿಂದಿನ ಕೋಣೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನುಗಳನ್ನು ನೋಡಿಕೊಳ್ಳುತ್ತಾನೆ, ಇವಳು ಮುಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಾಳೆ. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಕಿತ್ತುಹೋದ ಗುಂಡಿಗಳನ್ನು ಹೊಲಿಯುತ್ತಾ, ಯಾರೂ ಕೇಳದಿದ್ದರೂ ತಮ್ಮ ಅಭಿಪ್ರಾಯ ಹೇಳುತ್ತಾರೆ. ಈ ಮೂವರ ನಡುವೆ ನಿಂತಲ್ಲಿ ನಿಲ್ಲದೆ ಸುತ್ತುತ್ತಿರುವವಳು ಮಗಳು. ಅದಕ್ಕೇ ಅವಳ ಹೆಸರು ಬುಗುರಿ.

ಕಥೆ ಇಷ್ಟೇ: ಬುಗುರಿಗೆ ಶಾಲೆಗೆ ಹೋಗುವ ವಯಸ್ಸಾಗಿದೆ, ಇವರು ಕಳಿಸಿಲ್ಲ.

(ಇಷ್ಟು ಓದಿ "ಅಯ್ಯೋ ಪಾಪ" ಎಂದವರು ಅದನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ಅದಕ್ಕೆ ಇಲ್ಲಿ ಗಿರಾಕಿಯಿಲ್ಲ. ನಾನೂ ಮೊದಲು ಅದನ್ನೇ ತಂದಿದ್ದೆ. ಏನಾಯಿತು ನೋಡಿ.)

೨

ಬಿಸಾಡಿದ ಡ್ರಾಫ್ಟ್: "ಬೊಬ್ಬೆ ಎದ್ದ ಕೈಗಳಿಂದ ಅವಳು ಕಣ್ಣೊರೆಸಿಕೊಂಡಳು. ಹೊರಗೆ ಮಕ್ಕಳು ನಗುತ್ತಾ ಶಾಲೆಗೆ ಹೋಗುತ್ತಿದ್ದರು. ತನ್ನ ಮಗಳ ಪಾಲಿಗೆ ಆ ಬಾಗಿಲು ಎಂದು ತೆರೆದೀತೋ ಎಂದು ಅವಳು ನಿಟ್ಟುಸಿರು…"

ನಿಟ್ಟುಸಿರು ಬಿಡುವುದರೊಳಗೆ ಲಾಂಡ್ರಿಯವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಏನ್ರೀ ಬರೆಯೋರೇ, ಇದು ಯಾರ ಕೈ?"

"ನಿನ್ನದೇ ಕಣಮ್ಮ."

"ನೋಡಿ." ಎರಡು ಕೈಗಳನ್ನೂ ನನ್ನ ಮುಖದ ಮುಂದೆ ಚಾಚಿದಳು. "ಎಲ್ಲಿದೆ ಬೊಬ್ಬೆ? ಕೈ ಸುಟ್ಕೊಳ್ಳೋದು ಹೊಸಬರು. ನಾನು ಮದುವೆಗೆ ಮುಂಚಿಂದ ಈ ಕೆಲಸ ಮಾಡ್ತಾ ಇದೀನಿ. ನೀವು ಹಿಂಗೆ ಬರೆದ್ರೆ ಗಿರಾಕಿಗಳು ಏನಂದ್ಕೋತಾರೆ? ಇವಳಿಗೆ ಕೆಲಸಾನೇ ಬರಲ್ಲ ಅಂದ್ಕೊಳ್ಳಲ್ವಾ?"

"ಓದೋರ ಮನಸ್ಸು ಕರಗಲಿ ಅಂತ…"

"ಅವರ ಮನಸ್ಸು ಕರಗಿ ನನಗೇನಾಗ್ಬೇಕು? ಬಾಗಿಲು ತೆಗೀಲಿಲ್ಲ ಅಂತ ನಾನು ಅಳ್ತಾ ಕೂತಿಲ್ಲ. ಪಕ್ಕದ ಶಾಲೆಯೋರು ಬಾಗಿಲು ತೆಗೆದು 'ಬನ್ನಿ' ಅಂತಾನೇ ಅಂದ್ರು. ನಾನು ಬೇಡ ಅಂದೆ. ಅದನ್ನ ಬರೀರಿ."

ಬರೆಯುತ್ತಿದ್ದೇನೆ.

೧ (ಇನ್ನೊಂದು ಸಲ)

ಬುಗುರಿಗೆ ಎರಡು ಶಾಲೆಗಳಿದ್ದವು. ಒಂದು ಪಕ್ಕದ ಶಾಲೆ. ಎಷ್ಟು ಪಕ್ಕ ಎಂದರೆ ಅಲ್ಲಿ ಬೆಲ್ ಹೊಡೆದರೆ ಇಲ್ಲಿ ಅತ್ತೆ ಸೂಜಿ ಕೆಳಗಿಟ್ಟು ಟೀ ಕುಡಿಯಲು ಏಳುತ್ತಾರೆ. ಇನ್ನೊಂದು ದಿಬ್ಬದ ಶಾಲೆ. ಬಸ್ಸಿನಲ್ಲಿ ಹೋಗಬೇಕು, ಇಳಿದ ಮೇಲೆ ಏರಬೇಕು. ಪಕ್ಕದ ಶಾಲೆಯಲ್ಲಿ ಜಾಗವಿತ್ತು. ದಿಬ್ಬದ ಶಾಲೆಯಲ್ಲಿ ಇರಲಿಲ್ಲ. "ಈ ವರ್ಷ ತುಂಬಿಹೋಗಿದೆ. ನಡುವೆ ಯಾರಾದರೂ ಬಿಟ್ಟು ಹೋದರೆ ಹೇಳಿ ಕಳಿಸ್ತೀವಿ. ಇಲ್ಲವಾದರೆ ಬರೋ ವರ್ಷ ನೋಡೋಣ" ಎಂದಿದ್ದರು. ಮಗುವನ್ನು ಒಂದು ವರ್ಷ ತಡವಾಗಿ ಸೇರಿಸಲು ಸರ್ಕಾರದ ಅಡ್ಡಿಯೇನೂ ಇಲ್ಲ. ಅಡ್ಡಿಯೆಲ್ಲ ಇರುವುದು ನೆಂಟರಲ್ಲಿ.

ಲಾಂಡ್ರಿಯವಳು ಕಾಯುತ್ತೇನೆ ಎಂದಳು.

ಇದರಲ್ಲಿರುವ ಅಪಾಯವನ್ನು ಮುಚ್ಚಿಡುವುದಿಲ್ಲ. ಕೊನೆಯಲ್ಲಿ ಬೆಚ್ಚಿಬೀಳಿಸುವ ಆಸೆ ನನಗಿಲ್ಲ. ಇವಳು ಬೇಡ ಎಂದ ವಾರದಲ್ಲೇ ಪಕ್ಕದ ಶಾಲೆಯವರು ಆ ಜಾಗವನ್ನು ಬೇರೆ ಮಗುವಿಗೆ ಕೊಟ್ಟರು. ಬರುವ ವರ್ಷ ದಿಬ್ಬದವರೂ ಕೈ ಅಲ್ಲಾಡಿಸಿದರೆ ಬುಗುರಿಗೆ ಉಳಿಯುವುದು ಎಲ್ಲರೂ ಬಿಟ್ಟು ಮಿಕ್ಕ ಶಾಲೆ. ಎಲ್ಲಿದೆಯೋ ಏನೋ, ಅಲ್ಲಿ ತನಗಿಂತ ಗೇಣುದ್ದ ಗಿಡ್ಡ ಮಕ್ಕಳ ಹಿಂದೆ ನಿಲ್ಲಬೇಕು. ಕೈಯಲ್ಲಿದ್ದದ್ದನ್ನು ಬಿಟ್ಟಾಗಿದೆ, ಕಣ್ಣಿಟ್ಟದ್ದು ಇನ್ನೂ ಸಿಕ್ಕಿಲ್ಲ. ನೀವೂ ನಾನೂ ಈಗ ನಿಂತಿರುವುದು ಅಲ್ಲಿ.

೩

ದಿಬ್ಬದ ಶಾಲೆಯೇ ಯಾಕೆ?

ಇದಕ್ಕೆ ನಾನು ಮೊದಲು ಬರೆದದ್ದು "ಅಲ್ಲಿನ ಶಿಕ್ಷಣದ ಗುಣಮಟ್ಟ" ಎಂದು. ಅವಳು ನಕ್ಕಳು. ಗುಣಮಟ್ಟ ಎಂದರೆ ಯಾವ ಬಟ್ಟೆ ಎಂದು ಕೇಳಿದಳು. ಆಮೇಲೆ ಎರಡು ಅಂಗಿಗಳನ್ನು ಮೇಜಿನ ಮೇಲೆ ಹರಡಿದಳು.

ಎರಡೂ ಶಾಲೆಗಳ ಯೂನಿಫಾರ್ಮ್ ಇದೇ ಅಂಗಡಿಗೆ ಬರುತ್ತದೆ. ಪಕ್ಕದ ಶಾಲೆಯದು ನೀಲಿ, ದಿಬ್ಬದ ಶಾಲೆಯದು ಹಸಿರು.

"ಈ ನೀಲಿ ಅಂಗಿ ಕಾಲರ್ ನೋಡಿ. ತುದಿ ನಾರುನಾರಾಗಿದೆ. ಜಗಿದಿರೋದು. ಒಂದಲ್ಲ, ವಾರಕ್ಕೆ ಎಷ್ಟು ಬರ್ತಾವೋ. ಕಾಲರ್ ಜಗಿಯೋದು ಯಾವ ಮಗು? ಹೆದರಿದ ಮಗು. ಈಗ ಈ ಹಸಿರು ಪ್ಯಾಂಟ್ ನೋಡಿ. ಮೊಣಕಾಲಲ್ಲಿ ಮಣ್ಣು. ಎಲ್ಲ ಹಸಿರು ಪ್ಯಾಂಟಲ್ಲೂ, ಹುಡುಗೀರದ್ದು ಹುಡುಗರದ್ದು ಭೇದ ಇಲ್ಲ, ಮೊಣಕಾಲಲ್ಲಿ ಮಣ್ಣು. ಉಜ್ಜಿ ಉಜ್ಜಿ ನಮ್ಮನೆಯೋರ ಕೈ ಬಿದ್ದುಹೋಗುತ್ತೆ. ಮೊಣಕಾಲಿಗೆ ಮಣ್ಣು ಮೆತ್ಕೊಳ್ಳೋದು ಯಾವ ಮಗು? ಆಡಿದ ಮಗು. ನನ್ನ ಮಗಳು ಒಂದು ಕಡೆ ಕೂರೋಳಲ್ಲ. ಅವಳನ್ನ ಆಡೋಕೆ ಬಿಡೋ ಕಡೆ ಹಾಕ್ಬೇಕು. ಇಷ್ಟೇ ನಂದು."

ಹೇಳಿ, ಹಸಿರು ಪ್ಯಾಂಟನ್ನು ಝಾಡಿಸಿ ಮಡಚಿಟ್ಟಳು. ಆಗ ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ವರ್ಣಿಸಲು ನಾನು ಅರ್ಧ ಪುಟ ಖರ್ಚು ಮಾಡಿದ್ದೆ. ಈಗ ಹೊಡೆದು ಹಾಕಿದ್ದೇನೆ. ಮಗಳಿಗೆ ಶಾಲೆಯನ್ನು ತಾನೇ, ತನ್ನ ಕೆಲಸದಿಂದಲೇ, ಯಾರ ಮಾತಿಗೂ ಕಾಯದೆ ಆರಿಸಿದ್ದೇನೆ ಎಂಬ ಮುಖ ಅದು. ನೀವು ನೋಡಿರುತ್ತೀರಿ.

(ಇಲ್ಲೇ ಕಥೆ ಮುಗಿಸಿಬಿಡುವ ಆಸೆ ನನಗೆ ಬಲವಾಗಿ ಬಂತು. ಓದಿದವರು ಕಾಣದ್ದನ್ನು ಲಾಂಡ್ರಿಯವಳು ಕಂಡಳು ಎಂದರೆ ಎಲ್ಲರಿಗೂ ಖುಷಿ, ಎಲ್ಲರೂ ತಲೆದೂಗುತ್ತಾರೆ. ಆದರೆ ನನಗೆ ಈ ಹೆಂಗಸಿನ ಮೇಲೆ ಅಕ್ಕರೆ ಇದೆ. ಅಕ್ಕರೆ ಇರುವವರನ್ನು ಅಷ್ಟು ಅಗ್ಗಕ್ಕೆ ಮಾರಬಾರದು.)

೪

ಅಂಗಡಿಗೆ ರಜೆಯ ದಿನ. ಮಧ್ಯಾಹ್ನ. ಶಟರ್ ಅರ್ಧ ಇಳಿಸಿದೆ. ಮೆಷಿನ್ನುಗಳು ಸುಮ್ಮನಿರುವುದರಿಂದ ಮಾತುಗಳೆಲ್ಲ ದೊಡ್ಡದಾಗಿ ಕೇಳುತ್ತವೆ. ಗಂಡನ ತಂಗಿ, ಅಂದರೆ ನಾದಿನಿ, ಬಂದಿದ್ದಾಳೆ. ಅವಳ ಮಗಳು ಪಕ್ಕದ ಶಾಲೆಯಲ್ಲೇ ಓದುತ್ತಿದ್ದಾಳೆ.

"ಅತ್ತಿಗೆ, ನಿಮಗೆ ತಲೆ ಕೆಟ್ಟಿದೆಯಾ? ಬಾಗಿಲಲ್ಲಿ ಶಾಲೆ ಇಟ್ಕೊಂಡು ದಿಬ್ಬ ಹತ್ತೋಕೆ ಹೊರಟಿದೀರಲ್ಲ."

"ಕಾಲಿದೆ, ಹತ್ತುತಾಳೆ."

"ಒಂದು ವರ್ಷ ಮನೇಲಿ ಕೂತ್ರೆ ಮಗು ಹಿಂದೆ ಬೀಳಲ್ವಾ?"

"ಅದು ಕೂತ್ರೆ ತಾನೇ ಬೀಳೋದು?" ಎಂದರು ಅತ್ತೆ ಸೂಜಿಗೆ ದಾರ ಪೋಣಿಸುತ್ತಾ. ಬುಗುರಿ ಆಗ ಬಟ್ಟೆ ಬುಟ್ಟಿಯೊಳಗೆ ಇಳಿದು, ಬುಟ್ಟಿ ಸಮೇತ ಕೋಣೆಯ ಆ ತುದಿಗೆ ಉರುಳುತ್ತಿದ್ದಳು.

"ಅಮ್ಮಾ, ನೀನೂ ಇವರ ಕಡೆನಾ?" ಎಂದಳು ನಾದಿನಿ.

"ನಾನು ಯಾರ ಕಡೇನೂ ಅಲ್ಲ. ನನ್ನನ್ನ ಕೇಳಿದ್ರೆ ಪಕ್ಕದ ಶಾಲೆಗೇ ಹಾಕ್ಬೇಕಿತ್ತು. ಆದ್ರೆ ನನ್ನನ್ನ ಯಾರು ಕೇಳ್ತಾರೆ?"

"ಕೇಳಿದ್ದೆ ಅತ್ತೆ," ಎಂದಳು ಲಾಂಡ್ರಿಯವಳು. "ನೀವು ಟೀಗೆ ಸಕ್ಕರೆ ಕಮ್ಮಿ ಅಂದ್ರಿ."

"ಸಕ್ಕರೆ ಕಮ್ಮೀನೇ ಇತ್ತು."

ಆಮೇಲೆ ಕಾಲರಿನ ಮಾತು ಬಂತು. ಜಗಿದ ನೀಲಿ ಕಾಲರ್, ಹೆದರಿದ ಮಗು, ಎಲ್ಲವನ್ನೂ ಲಾಂಡ್ರಿಯವಳು ನಾದಿನಿಯ ಮುಂದೆ ಇಟ್ಟಳು. ನಾದಿನಿ ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅತ್ತಿಗೇ! ಆ ಅಂಗಿ ನನ್ನ ಮಗಳದ್ದೇ ಕಣ್ರೀ! ಗಂಟು ಹಿಂಬಾಗಿಲಲ್ಲಿ ಅಣ್ಣನ ಕೈಗೆ ಕೊಟ್ಟು ಹೋಗ್ತೀನಲ್ಲ, ನಿಮಗೆ ಗೊತ್ತಾಗಿಲ್ಲ. ಅವಳು ಮನೇಲೂ ಜಗೀತಾಳೆ. ದಿಂಬಿನ ಕವರ್ ಬಿಡಲ್ಲ, ನನ್ನ ಸ್ವೆಟರ್ ತೋಳು ಬಿಡಲ್ಲ. ಡಾಕ್ಟರ್ ಹತ್ರ ಕರ್ಕೊಂಡು ಹೋದ್ರೆ ಅವರ ಕೋಟಿನ ತುದೀನೂ ಬಾಯಿಗೆ ಹಾಕಿದ್ಲು. ಅವಳಿಗೆ ಹೆದರಿಕೆ ಎಲ್ಲಿ ಬಂತು? ಟೀಚರೇ ಅವಳಿಗೆ ಹೆದರ್ತಾರೆ!"

"ಎಲ್ಲ ಅವಳದ್ದೇನಾ? ವಾರಕ್ಕೆ ಅಷ್ಟೊಂದು?"

"ದಿನಕ್ಕೊಂದು ಜಗಿದ್ರೆ ವಾರಕ್ಕೆ ಎಷ್ಟಾಯ್ತು ನೀವೇ ನೋಡ್ಕೊಳ್ಳಿ."

ಗಂಡ ನಗು ತಡೆಯಲಾರದೆ ಹಿಂದಿನ ಕೋಣೆಗೆ ಎದ್ದು ಹೋದ. ಅತ್ತೆ ನಗಲಿಲ್ಲ, ಆದರೆ ಸೂಜಿ ನಿಂತಿತ್ತು. ಲಾಂಡ್ರಿಯವಳು ಗದ್ದ ಎತ್ತಿಯೇ ಇಟ್ಟಿದ್ದಳು.

"ಕಾಲರ್ ಬಿಡಿ. ಮೊಣಕಾಲಿನ ಮಣ್ಣು ಇದೆಯಲ್ಲ. ಒಂದೇ ಮಗು ಅಷ್ಟೊಂದು ಪ್ಯಾಂಟ್ ಹಾಕ್ಕೊಳ್ಳೋಕೆ ಆಗಲ್ಲ."

ನಾದಿನಿ ನಗುತ್ತಲೇ ಚಪ್ಪಲಿ ಮೆಟ್ಟಿ ಹೊರಟಳು. ಲಾಂಡ್ರಿಯವಳು ಮತ್ತೆ ಕಾಯತೊಡಗಿದಳು. ಈ ಸಲ ಅವಳ ಕೈಯಲ್ಲಿ ಉಳಿದಿದ್ದದ್ದು ಅರ್ಧ ಕಾರಣ ಮಾತ್ರ.

೪ಕ್ಕೆ ಬಾಲ

ಗಂಡ ಹಿಂದಿನ ಕೋಣೆಯಿಂದ ನನ್ನನ್ನು ಕರೆದ. ಮೆಲ್ಲಗೆ ಕೇಳಿದ.

"ನನ್ನನ್ನ ಕುಡುಕ ಮಾಡ್ತಾ ಇದೀರಂತೆ?"

ಮುಚ್ಚುಮರೆಯೇಕೆ, ಒಂದು ಡ್ರಾಫ್ಟಿನಲ್ಲಿ ಮಾಡಿದ್ದೆ. ಹೆಂಡತಿ ಗಟ್ಟಿಯಾಗಿದ್ದರೆ ಗಂಡ ಹದಗೆಟ್ಟಿರಬೇಕು, ಇಲ್ಲದಿದ್ದರೆ ತಕ್ಕಡಿ ಸರಿಯಾಗುವುದಿಲ್ಲ ಎಂಬ ಕೆಟ್ಟ ಚಾಳಿ ನಮ್ಮ ಕಸುಬಿಗಿದೆ.

"ಬೇಡ ಅಂದ್ರೆ ತೆಗೀತೀನಪ್ಪ. ಆದ್ರೆ ನೀನೇನಾದ್ರೂ ಮಾಡ್ಬೇಕಲ್ಲ ಕಥೇಲಿ. ವಿರೋಧನಾದ್ರೂ ಮಾಡು."

"ನಾನ್ಯಾಕೆ ವಿರೋಧ ಮಾಡ್ಲಿ? ಅವಳು ಯೋಚನೆ ಮಾಡಿ ಹೇಳಿದಾಳೆ. ತಪ್ಪಾದ್ರೆ ಇಬ್ಬರೂ ಸೇರಿ ತಪ್ಪು ಮಾಡಿದಂಗೆ. ಬಸ್ಸಿಗೆ ಬೆಳಿಗ್ಗೆ ನಾನು ಬಿಡ್ತೀನಿ ಅಂತ ಆಗ್ಲೇ ಹೇಳಿದೀನಿ." ಮೆಷಿನ್ನಿನ ಮುಚ್ಚಳ ಒರೆಸುತ್ತಾ, "ಅದನ್ನ ಬೇಕಾದ್ರೆ ಹಾಕಿ," ಎಂದ.

ಹಾಕಿದ್ದೇನೆ. ಇಂಥ ಗಂಡಂದಿರಿಂದ ಕಥೆಗೆ ನಷ್ಟ, ಆದರೆ ಮನೆ ನಡೆಯುತ್ತದೆ.

೫

ಆ ವರ್ಷ ಬುಗುರಿ ಏನು ಮಾಡಿದಳು ಎಂದು ನೀವು ಕೇಳಬೇಕು. ಕೇಳಿದ್ದೀರಿ ಎಂದುಕೊಂಡೇ ಹೇಳುತ್ತೇನೆ.

ಕರವಸ್ತ್ರ ಮಡಚುವುದು ಕಲಿತಳು. ಮೊದಮೊದಲು ಅವು ಸಮೋಸ ಆಕಾರಕ್ಕೆ ಬರುತ್ತಿದ್ದವು ಎಂದು ಬರೆದಿದ್ದೆ. ತಿಂಡಿ ಯಾಕೆ ತರ್ತೀರಿ ನನ್ನ ಮೇಜಿನ ಮೇಲೆ, ಎಣ್ಣೆ ಆಗುತ್ತೆ ಎಂದು ಲಾಂಡ್ರಿಯವಳು ಹೊಡೆದುಹಾಕಿಸಿದಳು. ಸೊಟ್ಟಸೊಟ್ಟ ಬರುತ್ತಿದ್ದವು. ಆಮೇಲೆ ಮೂಲೆಗೆ ಮೂಲೆ ಕೂಡತೊಡಗಿತು. ಸಾಕ್ಸುಗಳ ಜೋಡಿ ಹುಡುಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಜೋಡಿ ಸಿಗದ ಸಾಕ್ಸನ್ನು ಕಿಟಕಿಯ ಅಂಚಿಗೆ ಕೂರಿಸಿ, "ನಿನ್ನ ತಮ್ಮ ಬರ್ತಾನೆ, ಅಳಬೇಡ" ಎನ್ನುತ್ತಿದ್ದಳು. ಅತ್ತೆಯ ಡಬ್ಬಿಯ ಗುಂಡಿಗಳನ್ನು ಬಣ್ಣದ ಪ್ರಕಾರ, ಅದು ಬೇಸರವಾದರೆ ತೂತಿನ ಪ್ರಕಾರ ಸಾಲು ಹಚ್ಚುತ್ತಿದ್ದಳು.

ಗಿರಾಕಿಗಳಿಗೆ ಅವಳೊಂದು ಕಾಟವೂ ಆಗಿದ್ದಳು. ಔಷಧಿ ಅಂಗಡಿಯವರು ಒಂದು ದಿನ ಕೌಂಟರಿಗೆ ಮೊಣಕೈ ಊರಿ ಕೇಳಿದರು.

"ಏನಮ್ಮಾ ಬುಗುರಿ, ಇನ್ನೂ ಶಾಲೆಗೆ ಹೋಗಿಲ್ವಾ?"

"ಇಲ್ಲ. ಕಾಯ್ತಾ ಇದೀನಿ."

"ಎಷ್ಟು ದಿನ ಕಾಯ್ತೀಯಾ?"

"ನೀವ್ಯಾಕೆ ನಿಂತಿದೀರಾ?"

"ನಾನಾ? ನನ್ನ ಪ್ಯಾಂಟಿಗೆ ಕಾಯ್ತಾ ಇದೀನಿ."

"ಹಂಗಾದ್ರೆ ಬನ್ನಿ, ಒಟ್ಟಿಗೆ ಕೂತ್ಕೊಂಡು ಕಾಯೋಣ," ಎಂದು ಸ್ಟೂಲಿನ ಅರ್ಧ ಬಿಟ್ಟುಕೊಟ್ಟಳು.

ಅವರು ನಿಜವಾಗಿಯೂ ಕೂತರು. ಅವತ್ತಿನಿಂದ ಆ ಬೀದಿಯಲ್ಲಿ ಯಾರೂ ಆ ಪ್ರಶ್ನೆ ಕೇಳಿದ್ದು ನನಗೆ ಗೊತ್ತಿಲ್ಲ. ಇಸ್ತ್ರಿ ಮಾಡುತ್ತಿದ್ದವಳು ಆ ಕಡೆ ತಿರುಗಿ ನೋಡಲೇ ಇಲ್ಲ. ಆದರೆ ಆ ದಿನ ಔಷಧಿ ಅಂಗಡಿಯವರ ಪ್ಯಾಂಟಿನ ಗೆರೆ ಎಷ್ಟು ನೆಟ್ಟಗೆ ಬಂದಿತ್ತೆಂದರೆ, ಅದನ್ನು ಹಾಕಿಕೊಂಡು ಕೂರಲು ಅವರಿಗೇ ಮನಸ್ಸಾಗಲಿಲ್ಲವಂತೆ.

ಬೆಳಗಿನ ಹೊತ್ತು ಮಾತ್ರ ಕಷ್ಟ. ನೀಲಿ ಅಂಗಿಗಳು, ಹಸಿರು ಅಂಗಿಗಳು ಬೀದಿಯಲ್ಲಿ ಹಾದುಹೋಗುವ ಹೊತ್ತು. ಬುಗುರಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: "ಅಮ್ಮಾ, ನಾವು ಮಡಚಿದ್ದು ಹೋಗ್ತಾ ಇದೆ! ಅಜ್ಜಿ ಗುಂಡಿ ಹಾಕಿದ್ದು ಹೋಗ್ತಾ ಇದೆ!" ಕೂಗಿನಲ್ಲಿ ಖುಷಿಯೇ ಇತ್ತು. ಕೊನೆಯ ಅಂಗಿ ತಿರುವಿನಲ್ಲಿ ಮರೆಯಾದ ಮೇಲೆ ಸ್ವಲ್ಪ ಹೊತ್ತು ಅವಳು ಸುತ್ತುತ್ತಿರಲಿಲ್ಲ. ಅಷ್ಟೇ.

ಅಷ್ಟೇ ಅಲ್ಲ. ಇನ್ನೊಂದಿದೆ. ಬರೆಯಬೇಡಿ ಎಂದಿದ್ದಾಳೆ. ಬರೆಯುತ್ತೇನೆ.

೬ (ಲಾಂಡ್ರಿಯವಳು ಓದದೆ ದಾಟಿಹೋಗಬೇಕಾದ ಭಾಗ)

ಗಿರಾಕಿಯ ಬಟ್ಟೆಯನ್ನು ಮೈಮೇಲೆ ಹಾಕಿಕೊಳ್ಳಬಾರದು. ಲಾಂಡ್ರಿಯಲ್ಲಿ ಇದಕ್ಕಿಂತ ದೊಡ್ಡ ನಿಯಮವಿಲ್ಲ. ಚಳಿ ಎಂದು ಒಂದು ಶಾಲು ಹೊದ್ದರೂ ಆ ಅಂಗಡಿಯ ಮರ್ಯಾದೆ ಹೋಯಿತು. ಬುಗುರಿಗೆ ಮಾತು ಬರುವ ಮೊದಲೇ ಈ ನಿಯಮ ಗೊತ್ತಿತ್ತು.

ಒಂದು ಮಧ್ಯಾಹ್ನ ಲಾಂಡ್ರಿಯವಳು ಹ್ಯಾಂಗರ್ ತರಲು ಒಳಗೆ ಹೋದಾಗ, ಕನ್ನಡಿಯ ಮುಂದೆ ಹಸಿರು ಯೂನಿಫಾರ್ಮ್ ಹಾಕಿದ ಒಂದು ಹುಡುಗಿ ನೆಟ್ಟಗೆ ನಿಂತಿದ್ದಳು. ಅಂಗಿ ಮೊಣಕಾಲಿನವರೆಗೆ ಬಂದಿತ್ತು, ತೋಳಿನೊಳಗೆ ಕೈ ಕಾಣುತ್ತಿರಲಿಲ್ಲ. ಅಲ್ಲಾಡದೆ ನಿಂತಿದ್ದಳು. ಅವಳು ಯಾರೆಂದು ತಾಯಿಗೆ ಒಂದು ಕ್ಷಣ ತಿಳಿಯಲಿಲ್ಲ, ಯಾಕೆಂದರೆ ಬುಗುರಿ ಹಾಗೆ ನಿಂತದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

"ಹೆಂಗೆ ಕಾಣ್ತೀನಿ ಅಂತ ನೋಡ್ತಾ ಇದ್ದೆ," ಎಂದಳು ಬುಗುರಿ. "ಈಗ್ಲೇ ತೆಗೀತೀನಿ."

ನಾನು ಈ ಜಾಗದಲ್ಲಿ ತಾಯಿಯನ್ನು ಅಳಿಸಲು ಎಷ್ಟು ಪ್ರಯತ್ನಪಟ್ಟೆನೆಂದು ಹೇಳಲಾರೆ. ಅವಳು ಅಳಲಿಲ್ಲ. ಮಗಳ ತೋಳಿನ ಗುಂಡಿ ಬಿಚ್ಚಿದಳು, ಅಂಗಿ ತೆಗೆದಳು, ಅದನ್ನು ಮೊದಲಿನಿಂದ ಒಗೆಯಲು ಹಾಕಿದಳು. ಆ ಅಂಗಿಯ ಮನೆಯವರು ಸಂಜೆ ಬಂದಾಗ, "ನಾಳೆ ಕೊಡ್ತೀನಿ, ನನ್ನ ಮಗಳು ಹಾಕ್ಕೊಂಡಿದ್ಲು, ಮತ್ತೆ ಒಗೆದಿದೀನಿ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಲೆ ತಗ್ಗಿಸಿ ಹೇಳಲಿಲ್ಲ. ಅವರು "ಪರವಾಗಿಲ್ಲ ಬಿಡಿ, ಮಗು" ಎಂದರು.

ಅವತ್ತು ಅವಳು ಒಂದೇ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿದಳು. ಅತ್ತೆ ನೋಡಿಯೂ ಏನೂ ಹೇಳಲಿಲ್ಲ. ಅತ್ತೆ ಏನೂ ಹೇಳದಿದ್ದರೆ ವಿಷಯ ದೊಡ್ಡದು ಎಂದು ಆ ಮನೆಯಲ್ಲಿ ಅರ್ಥ.

೭

ಫೋನ್ ಬಂದದ್ದು ವರ್ಷದ ನಡುವಿನಲ್ಲಿ. ದಿಬ್ಬದ ಶಾಲೆಯ ಒಂದು ಮನೆಯವರು ಊರು ಬಿಡುತ್ತಿದ್ದಾರೆ, ಒಂದು ಜಾಗ ಖಾಲಿಯಾಗಿದೆ. "ನಾಳೆ ಮಗೂನ ಕರ್ಕೊಂಡು ಬನ್ನಿ. ನಾಳೇನೇ ಹೇಳಿಬಿಡಬೇಕು. ನಿಮ್ಮ ಹಿಂದೆ ಇನ್ನೊಬ್ಬರು ಕಾಯ್ತಾ ಇದಾರೆ."

(ಈ ಫೋನನ್ನು ನಾನೇ ಮಾಡಿಸಿದೆ, ಒಪ್ಪುತ್ತೇನೆ. ಕಥೆ ಬರೆಯುವವರಿಗೆ ಇಷ್ಟಾದರೂ ಅಧಿಕಾರ ಬೇಡವೇ? ಆಮೇಲೆ ನಡೆದದ್ದಕ್ಕೆ ಮಾತ್ರ ನಾನು ಜವಾಬ್ದಾರಳಲ್ಲ.)

ಮರುದಿನ ತಾಯಿ ಮಗಳು ಬಸ್ಸಿಳಿದು ದಿಬ್ಬ ಹತ್ತಿದರು. ಅಂಗಡಿ ನೋಡಿಕೊಳ್ಳಲು ಗಂಡ ಉಳಿದ. ಅತ್ತೆ ಬೆಳಿಗ್ಗೆ ಎದ್ದು, ಬುಗುರಿಯ ಅಂಗಿಯ ಗುಂಡಿಗಳೆಲ್ಲ ಗಟ್ಟಿ ಇದ್ದರೂ, ಒಂದೊಂದನ್ನೂ ಬಿಚ್ಚಿ ಹೊಸದಾಗಿ ಹೊಲಿದಿದ್ದರು.

ಹೆಡ್‌ಮಿಸ್ ಕೋಣೆ ಚಿಕ್ಕದು. ಒಂದು ಮೇಜು, ಮೇಜಿನ ತುಂಬ ಯಾರ್ಯಾರೋ ಕಳೆದುಕೊಂಡ ನೀರಿನ ಬಾಟಲಿಗಳು, ಅಂಗಳದ ಕಡೆಗೊಂದು ಕಿಟಕಿ. ಹೆಡ್‌ಮಿಸ್ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು. ಬುಗುರಿ ತೋರಿಸಿಕೊಟ್ಟಳು. ಇಬ್ಬರಿಗೂ ಸ್ನೇಹವಾಯಿತು.

"ಪಕ್ಕದಲ್ಲೇ ಶಾಲೆ ಸಿಕ್ಕಿತ್ತಂತೆ," ಎಂದರು ಹೆಡ್‌ಮಿಸ್. "ಅದನ್ನ ಬಿಟ್ಟು ನಮಗೇ ಕಾದಿದೀರಿ. ತುಂಬ ಸಂತೋಷ. ಯಾಕೆ ಅಂತ ಕೇಳಬಹುದಾ?"

ಲಾಂಡ್ರಿಯವಳಿಗೆ ಈ ಪ್ರಶ್ನೆಗೆ ಉತ್ತರ ತಯಾರಿತ್ತು. ಎಷ್ಟೋ ತಿಂಗಳಿಂದ ತಯಾರಿತ್ತು.

"ಮಣ್ಣು ಮೇಡಂ."

"ಏನು?"

"ನಿಮ್ಮ ಮಕ್ಕಳ ಬಟ್ಟೆ ನಮ್ಮ ಅಂಗಡಿಗೆ ಬರುತ್ತೆ. ಎಲ್ಲರ ಮೊಣಕಾಲಲ್ಲೂ ಮಣ್ಣು. ಇಲ್ಲಿ ಮಕ್ಕಳನ್ನ ಆಡೋಕೆ ಬಿಡ್ತಾರೆ ಅಂತ ಗೊತ್ತಾಯ್ತು. ನನ್ನ ಮಗಳಿಗೆ ಅದೇ ಬೇಕು."

ಹೆಡ್‌ಮಿಸ್ ನಗಲು ಶುರು ಮಾಡಿ, ನಿಲ್ಲಿಸಿ, ಮತ್ತೆ ನಕ್ಕರು. ಕೆಟ್ಟ ನಗುವಲ್ಲ, ಮನೆಯ ಗುಟ್ಟು ಹೊರಬಿದ್ದವರ ನಗು.

"ಅಯ್ಯೋ, ನಿಮಗೆ ಸುಳ್ಳು ಹೇಳಲ್ಲಮ್ಮ. ಹಿಂದಿನ ಗೇಟಿನ ಹತ್ರ ಪೈಪ್ ಹಾಕ್ತೀವಿ ಅಂತ ಅಗೆದು ಹಾಕಿದಾರೆ. ವರ್ಷದ ಮೇಲಾಯ್ತು, ಮುಚ್ಚಿಲ್ಲ. ಎಲ್ಲ ಮಕ್ಕಳೂ ಬರ್ತಾ ಒಂದು ಸಲ, ಹೋಗ್ತಾ ಒಂದು ಸಲ ಬೀಳ್ತಾರೆ. ನಾನೂ ಬಿದ್ದಿದೀನಿ."

ಲಾಂಡ್ರಿಯವಳು ಎಂದಿನ ಅಭ್ಯಾಸದಂತೆ ಹೆಡ್‌ಮಿಸ್ ಬಟ್ಟೆಯನ್ನು ನೋಡಲಿಲ್ಲ (ಏನುಟ್ಟಿದ್ದರು ಎಂದು ನನ್ನನ್ನೂ ಕೇಳಬೇಡಿ). ಕಿಟಕಿಯ ಕಡೆ ನೋಡಿದಳು. ಕಾಲರ್ ಹೋಗಿತ್ತು. ಈಗ ಮಣ್ಣೂ ಹೋಯಿತು. ಮಗಳ ವರ್ಷವನ್ನು ಕಟ್ಟಿ ನಿಲ್ಲಿಸಿದ್ದ ಎರಡು ಕಂಬಗಳೂ ಇರಲಿಲ್ಲ. ಉಳಿದದ್ದು ಒಂದು ಖಾಲಿ ಜಾಗ, ಅದರ ಹಿಂದೆ ಕಾಯುತ್ತಿರುವ ಇನ್ನೊಬ್ಬರು, ಮತ್ತು ಮೇಜಿನ ಮೇಲಿನ ಬಾಟಲಿಗಳ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿರುವ ಬುಗುರಿ.

೮

ನಿಮಗೆ ಮುಕ್ತಾಯ ಬೇಕಲ್ಲವೇ? ಮೂರು ಹೊಲಿದಿಟ್ಟಿದ್ದೇನೆ. ಹಾಕಿಕೊಂಡು ನೋಡಿ.

ಅ) ಅವಳು ಒಪ್ಪುತ್ತಾಳೆ. ಸುಮ್ಮನೆ ತಲೆಯಾಡಿಸಿ, ಮಣ್ಣಿನ ಮಾತನ್ನು ನುಂಗಿಕೊಂಡು ಮನೆಗೆ ಬರುತ್ತಾಳೆ. ಗಂಡನಿಗೆ ಕೂಡ ಹೇಳುವುದಿಲ್ಲ. ಬುಗುರಿ ಹಸಿರು ಅಂಗಿ ಹಾಕುತ್ತಾಳೆ, ಈ ಸಲ ತನ್ನದೇ. ಎಲ್ಲರಿಗೂ ಸುಖ.

(ಲಾಂಡ್ರಿಯವಳು: "ನುಂಗ್ಕೊಳ್ಳೋಳು ನಾನಲ್ಲ. ಅಲ್ಲದೆ ನನ್ನ ಗಂಡನಿಗೆ ಹೇಳದೆ ಇದ್ರೆ ನನಗೆ ಊಟ ಸೇರಲ್ಲ.")

ಆ) ಅವಳು ನಿರಾಕರಿಸುತ್ತಾಳೆ. ಮೋಸ ಹೋದೆ ಎಂದು ಮಗಳ ಕೈ ಹಿಡಿದು ದಿಬ್ಬ ಇಳಿಯುತ್ತಾಳೆ. ಬಸ್ಸಿನಲ್ಲಿ ಮಗಳು ಏನೂ ಕೇಳುವುದಿಲ್ಲ.

(ಅತ್ತೆ, ಅಂಗಡಿಯಿಂದ: "ಮೋಸ ಮಾಡಿದ್ದು ಯಾರು? ಅವರೇನು ಮಣ್ಣು ತೋರಿಸಿ ಕರೆದ್ರಾ? ಇವಳೇ ನೋಡಿದ್ದು, ಇವಳೇ ನಂಬಿದ್ದು. ನನ್ನ ಸೊಸೆ ತನ್ನ ತಪ್ಪನ್ನ ಊರಿನ ತಲೆಗೆ ಕಟ್ಟೋಳಲ್ಲ. ಅದನ್ನ ಹೊಡೆದು ಹಾಕಮ್ಮ." ಅತ್ತೆ ಸೊಸೆಯ ಪರವಾಗಿ ಮಾತಾಡಿದ್ದು ಈ ಕಥೆಯಲ್ಲಿ ಇದೇ ಮೊದಲು. ಲಾಂಡ್ರಿಯವಳಿಗೆ ಕೇಳಿಸಲಿಲ್ಲ, ಅವಳು ದಿಬ್ಬದ ಮೇಲಿದ್ದಾಳೆ. ನೀವು ಹೇಳಬೇಡಿ, ಅತ್ತೆಗೆ ಮುಜುಗರ.)

ಇ) ಬುಗುರಿ ತಾನೇ ತೀರ್ಮಾನಿಸುತ್ತಾಳೆ. ದೊಡ್ಡವರು ಬೆರಗಾಗುವಂಥ ಒಂದು ಮಾತು ಹೇಳುತ್ತಾಳೆ.

(ಬುಗುರಿ: "ಈ ಬಾಟಲಿ ಲೀಕ್ ಆಗ್ತಾ ಇದೆ.")

ಮೂರೂ ಮೈಗೆ ಕೂರುವುದಿಲ್ಲ. ಎಲ್ಲೋ ಬಿಗಿ, ಎಲ್ಲೋ ಸಡಿಲ. ನನ್ನ ಹೊಲಿಗೆ ಕೆಟ್ಟದ್ದಲ್ಲ. ಈ ಮೈ ಯಾರು ಅಳತೆ ತೆಗೆದರೂ ಸುಮ್ಮನೆ ನಿಲ್ಲುವುದಿಲ್ಲ. ನಿಜ ಹೇಳಬೇಕೆಂದರೆ ಇದರಿಂದ ನನಗೆ ಬೇಸರವಿಲ್ಲ. ನನ್ನ ಮಾತು ಕೇಳುವ ಪಾತ್ರಗಳನ್ನು ನಾನು ಬೇಕಾದಷ್ಟು ಮಾಡಿದ್ದೇನೆ. ಅವರಲ್ಲಿ ಒಬ್ಬರ ಮುಖವೂ ಈಗ ನೆನಪಿಲ್ಲ.

೯

ಹಾಗಾದರೆ ನಡೆದದ್ದನ್ನೇ ಹೇಳುತ್ತೇನೆ.

"ಅಂದ್ರೆ ನಾನು ನೋಡಿದ್ದು ತಪ್ಪು," ಎಂದಳು ಲಾಂಡ್ರಿಯವಳು. ಅಡಗಿಸಲಿಲ್ಲ, ಅಳುಕಲಿಲ್ಲ, ಗಿರಾಕಿಗೆ ಒಂದು ಕಲೆ ಹೋಗಿಲ್ಲ ಎಂದು ಹೇಳುವ ಹಾಗೆ ಹೇಳಿದಳು. "ಬಟ್ಟೆ ನೋಡಿ ಶಾಲೆ ಆರಿಸಿದೆ. ಮಕ್ಕಳನ್ನ ನೋಡ್ಬೇಕಿತ್ತು."

"ಈಗ ಏನು ಮಾಡ್ತೀರಿ?" ಎಂದರು ಹೆಡ್‌ಮಿಸ್. "ಕಾಯ್ತಿರೋರಿಗೆ ನಾನು ಹೇಳ್ಬೇಕು."

"ನಿಮ್ಮಲ್ಲಿ ಆಟಕ್ಕೆ ಯಾವಾಗ ಬಿಡ್ತೀರಿ?"

"ಇನ್ನೇನು, ಈಗ ಬೆಲ್ ಆಗುತ್ತೆ."

"ಹಂಗಾದ್ರೆ ಮಕ್ಕಳು ಹೊರಗೆ ಬಂದು ಮತ್ತೆ ಒಳಗೆ ಹೋಗೋ ತನಕ ನನಗೆ ಟೈಮ್ ಕೊಡಿ. ಇವಳನ್ನೂ ಅವರ ಜೊತೆ ಬಿಡ್ತೀನಿ. ನೋಡಿ ಹೇಳ್ತೀನಿ."

ಹೆಡ್‌ಮಿಸ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಎಷ್ಟೋ ವರ್ಷದಿಂದ ಈ ಕೋಣೇಲಿ ಕೂತಿದೀನಿ ಕಣಮ್ಮ. ಬಂದೋರೆಲ್ಲ ನಾವು ಯಾವಾಗ ಹೂಂ ಅಂತೀವೋ ಅಂತ ಬಾಯಿ ನೋಡ್ತಾರೆ. ನೋಡಿ ಹೇಳ್ತೀನಿ ಅಂದೋರು ನೀವೇ ಮೊದಲು."

"ನಾನೂ ಬಾಯಿ ನೋಡೋಕೇ ಬಂದಿದ್ದೆ ಮೇಡಂ. ದಿಬ್ಬ ಹತ್ತೋವಾಗ."

ಬೆಲ್ ಹೊಡೆಯಿತು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎಲ್ಲ ಬಾಗಿಲುಗಳೂ ಒಟ್ಟಿಗೆ ಕಕ್ಕಿದಂತೆ ಅಂಗಳದ ತುಂಬ ಹಸಿರು. ಬುಗುರಿ ತಾಯಿಯ ಮುಖ ನೋಡಿದಳು. ತಾಯಿ ಗದ್ದದಿಂದಲೇ 'ಹೋಗು' ಎಂದಳು. ಬುಗುರಿ ಹೋದಳು.

ಅಂಗಳದಲ್ಲಿ ಏನೇನು ಕಾಣುತ್ತಿದೆ, ನನಗೆ ಕಂಡಷ್ಟು ಹೇಳುತ್ತೇನೆ. ಮರದ ಕೆಳಗೆ ಹುಡುಗನೊಬ್ಬ ಒಬ್ಬನೇ ಕೂತು ಡಬ್ಬಿಯ ಊಟವನ್ನು ಅಗಿಯದೆ ನುಂಗುತ್ತಿದ್ದಾನೆ. ಒಬ್ಬ ಟೀಚರ್ ಕುಕ್ಕರಗಾಲಲ್ಲಿ ಕೂತು ಯಾರದೋ ಶೂ ಲೇಸ್ ಕಟ್ಟುತ್ತಿದ್ದಾರೆ. ಇನ್ನೊಬ್ಬರು ಫೋನ್ ನೋಡುತ್ತಿದ್ದಾರೆ. ಹಗ್ಗದಾಟದಲ್ಲಿ ಜಗಳ. ದೊಡ್ಡ ಹುಡುಗಿಯೊಬ್ಬಳು ಚಿಕ್ಕವನನ್ನು ತಳ್ಳಿದಳು. ಅವಳೇ ಎತ್ತಿ ನಿಲ್ಲಿಸಿ ಧೂಳು ಕೊಡವಿದಳು. ಒಳ್ಳೆಯದೂ ಕೆಟ್ಟದ್ದೂ ಒಂದೇ ಅಂಗಳದಲ್ಲಿ ಒಂದರ ಕಾಲಿಗೆ ಒಂದು ತೊಡರಿಕೊಂಡು ಓಡುತ್ತಿವೆ. ನನ್ನನ್ನು ಕೇಳಿದರೆ ಇದರಿಂದ ಏನೂ ತೀರ್ಮಾನವಾಗದು.

ಬುಗುರಿ ಮೊದಲು ಗೋಡೆಯ ಹತ್ತಿರ ನಿಂತಳು. ಈಗ ಗೋಡೆ ಬಿಟ್ಟಿದ್ದಾಳೆ. ಹಗ್ಗದ ಜಗಳದ ನಡುವೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದಾಳೆ. ಇಬ್ಬರು ಕೇಳುತ್ತಿದ್ದಾರೆ, ಒಬ್ಬಳು ಮುಖ ತಿರುಗಿಸಿದ್ದಾಳೆ. ಏನು ಹೇಳಿದಳೋ ಇಲ್ಲಿಗೆ ಕೇಳಿಸುತ್ತಿಲ್ಲ.

ಲಾಂಡ್ರಿಯವಳು ಕಿಟಕಿಯ ಸರಳು ಹಿಡಿದು ನಿಂತಿದ್ದಾಳೆ. ಬೆನ್ನು ನೆಟ್ಟಗಿದೆ. ಅವಳ ಹಿಂದೆ ಹೆಡ್‌ಮಿಸ್ ಗಡಿಯಾರ ನೋಡುತ್ತಿದ್ದಾರೆ. ಅವರ ಹಿಂದೆ, ಪೆನ್ನು ಹಿಡಿದುಕೊಂಡು, ನಾನು.

"ಏನಂತೀರಿ?" ಹೆಡ್‌ಮಿಸ್ ಕೇಳುತ್ತಾರೆ.

ಅವಳು ತಿರುಗುವುದಿಲ್ಲ.

ನನಗೂ ತಡೆಯಲಾಗುವುದಿಲ್ಲ. "ಹೇಳಿಬಿಡಮ್ಮ, ಹೂಂ ಅನ್ನು, ಇಲ್ಲ ಊಹೂಂ ಅನ್ನು. ಓದೋರು ಕಾಯ್ತಾ ಇದಾರೆ."

"ಕಾಯ್ಲಿ," ಎನ್ನುತ್ತಾಳೆ ಲಾಂಡ್ರಿಯವಳು, ಕಣ್ಣು ಕೀಳದೆ. "ಮಗು ಆಡ್ತಾ ಇದೆ. ನಾನಿನ್ನೂ ನೋಡಿ ಮುಗಿಸಿಲ್ಲ."